ನಾಲ್ಕಕ್ಕೆ ಬಾ

ಆಗ ನನಗೆ ಆರು ವರ್ಷ. ಪಕ್ಕದ ಮನೆಯ ಗೇಶ್ಯಜ್ಜಿ
ಗಡಿಯಾಚೆಯಿಂದ ಮದುವೆಯಾಗಿ ಬಂದವಳು,
ನಲವತ್ತು ವರ್ಷ ಜರ್ಮನ್ ನೆಲ ತುಳಿದೂ
ನಾಲಿಗೆಯನ್ನು ಮಾತ್ರ ಡಚ್ಚರ ಕಡೆಯೇ ಬಿಟ್ಟವಳು,
ಅಡುಗೆಮನೆ ಕಿಟಕಿಯಿಂದ ಕೂಗಿದಳು:
'ಆಲ್ಮುಟ್, ಕರಂಟು ಕೆಂಪಾಗಿದೆ. ನಾಲ್ಕಕ್ಕೆ ಟಾಯ್ನ್‌ಗೆ ಬಾ.'

ತ್ಸೌನ್ ಅಂದಳು ಅಂದುಕೊಂಡೆ.
ತ್ಸೌನ್ ಅಂದರೆ ನಮ್ಮಲ್ಲಿ ಬೇಲಿ.
ಮುದುಕಿಗೆ ಮುಂದಿನ ಹಲ್ಲಿಲ್ಲ,
ಅರ್ಧ ಅಕ್ಷರ ಸಂದಿಯಲ್ಲಿ ಜಾರಿರಬೇಕು.

ಬೋಗುಣಿ ಹಿಡಿದು ಬೇಲಿಯ ಬಳಿ ನಿಂತೆ.
ನಾಲ್ಕಾಯಿತು. ಡೊಲ್ಲಾರ್ಟಿನ ಕೆಸರುಗಾಳಿ ಬಂತು, ಹೋಯಿತು.
ಗೂಟದ ಮೇಲೆ ಒಂದು ಇರುವೆ ಹತ್ತಿತು, ಇಳಿಯಿತು,
ಏನೋ ಮರೆತವರಂತೆ ಮತ್ತೆ ಹತ್ತಿತು.
ಐದಾಯಿತು. ಕಾಲು ನೋಯಿತು. ಬೋಗುಣಿಯನ್ನು
ತಲೆಗೆ ಟೊಪ್ಪಿಗೆ ಮಾಡಿಕೊಂಡು ಇನ್ನೂ ಸ್ವಲ್ಪ ನಿಂತೆ.

ಅತ್ತ ಹತ್ತೇ ಹೆಜ್ಜೆ ದೂರದಲ್ಲಿ, ಮುಳ್ಳುಪೊದೆಯ ಹಿಂದೆ,
ಅವಳು ತೋಟದ ನಡುವೆ ಕುರ್ಚಿ ಹಾಕಿ ಕೂತಿದ್ದಳಂತೆ,
ಎರಡು ಲೋಟ ಮಜ್ಜಿಗೆ, ಮುಚ್ಚಳಕ್ಕೆ ತಟ್ಟೆ, ತಟ್ಟೆಗೆ ನೊಣ.
ಟಾಯ್ನ್ ಅಂದರೆ ಅವರಲ್ಲಿ ತೋಟ.

ಜರ್ಮನ್ ಮಕ್ಕಳಿಗೆ ಕರೆದರೂ ಬರುವ ಬುದ್ಧಿಯಿಲ್ಲ ಎಂದು ಅವಳು.
ಡಚ್ಚರು ಹಣ್ಣು ತೋರಿಸಿ ತಾವೇ ತಿನ್ನುವವರು ಎಂದು ನಾನು.
ಎರಡು ದಿನ ಮಾತಿಲ್ಲ.

ಮೂರನೆಯ ದಿನ ಅಂಚೆಯ ಹಿಂಡರ್ಕ್ ಬಂದ.
ಇಬ್ಬರ ದೂರನ್ನೂ ಸೈಕಲ್ ಇಳಿಯದೆ ಕೇಳಿ,
ಟೋಪಿ ಬೀಳುವ ಹಾಗೆ ನಕ್ಕ.
'ನನ್ನ ಅಜ್ಜಿ ಬೇಲಿಗೂ ಟೂನ್ ಅಂತಿದ್ದಳು, ತೋಟಕ್ಕೂ ಟೂನ್.
ಅವಳನ್ನು ಕರೆದಿದ್ದರೆ
ಕುರ್ಚಿಯನ್ನು ಬೇಲಿಗೆ ಒರಗಿಸಿ ಕೂರುತ್ತಿದ್ದಳು.'

ಈಗ ಹೊಟ್ಟೆಪಾಡಿಗೆ ನಾನು ಭೂಮಿ ಅಳೆಯುತ್ತೇನೆ.
ಕಬ್ಬಿಣದ ಗೂಟ ಬಡಿಯುವಾಗ ಕೆಲವೊಮ್ಮೆ ಅನ್ನಿಸುತ್ತದೆ,
ಮೊದಲಿಗೆ ಯಾರೋ ಒಬ್ಬ, ಹೆಸರಿಲ್ಲದವ,
ಹಸಿ ವಿಲೋ ಕಡ್ಡಿ ಬಾಗಿಸಿ ಹೆಣೆದಿರಬೇಕು,
ತೋಳಕ್ಕೆ ಹೆದರಿಯೋ, ಮೈದುನನಿಗೆ ಹೆದರಿಯೋ.
ಹೆಣೆದು ಮುಗಿಸಿ ಉಫ್ ಎಂದು ಉಸಿರು ಬಿಟ್ಟಾಗ
ಜೊತೆಗೆ ಬಿದ್ದ ಪದ ಅದು.

ಜರ್ಮನರು ಕಡ್ಡಿಯನ್ನೇ ನೋಡುತ್ತ ಉಳಿದರು.
ಡಚ್ಚರು ಕಡ್ಡಿಯ ಸಂದಿಯಿಂದ ಒಳಗೆ ಇಣುಕಿ
ಅಲ್ಲಿನ ಕೋಸಿಗೆ, ಹೂವಿಗೆ ಅದೇ ಹೆಸರಿಟ್ಟರು.
ಇಂಗ್ಲಿಷರು ಒಳಗೆ ಒಂದು ಮನೆ ಕಟ್ಟಿದರು, ಆಮೇಲೆ ಇನ್ನೊಂದು,
ಚರ್ಚು, ಸಂತೆ, ಸಾಲಗಾರ, ಪೊಲೀಸು, ಬಸ್ ನಿಲ್ದಾಣ,
ಬೇಲಿ ಎಂದು ಬಿತ್ತೋ ಯಾರೂ ಗಮನಿಸಲಿಲ್ಲ,
ಟೌನ್ ಮಾತ್ರ ನಿಂತಿತು.
ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ,
ಇಲ್ಲಿ ಮೇದು, ಕೊಬ್ಬಿ, ಊರೇ ಆಯಿತು.

ಐಸ್‌ಲ್ಯಾಂಡಿನಲ್ಲಿ ಅದು ಮನೆಯ ಸುತ್ತಲ ಹುಲ್ಲು,
ಚಳಿಗಾಲದ ಕುರಿಗೆಂದು ಕೊಯ್ದಿಡುವುದು.
ನನ್ನ ನಾರ್ವೆಯ ಸಹೋದ್ಯೋಗಿ ತೂರ್ಗುನ್
ಬೆಳಿಗ್ಗೆ ಫೋನಿನಲ್ಲಿ 'ಟೂನ್ ಗುಡಿಸಿ ಬಂದೆ' ಅಂದಳು.
ಒಂದು ಕ್ಷಣ, ಪೊರಕೆ ಹಿಡಿದು ಬೇಲಿ ಗುಡಿಸುವ ಹೆಂಗಸು ಕಂಡಳು.
ಅವರಲ್ಲಿ ಅದು ಅಂಗಳ,
ಮನೆಗೂ ಕೊಟ್ಟಿಗೆಗೂ ನಡುವೆ ಎಲ್ಲರೂ ದಾಟುವ ಜಾಗ.
ಕೆಲ್ಟರಲ್ಲಿ ಇದರದೇ ಮುಖದ ಒಂದು ಪದ
ಗುಡ್ಡ ಹತ್ತಿ ಕೋಟೆಯಾಗಿದೆ.
ಅದು ಅಣ್ಣತಮ್ಮನೋ, ಸಾಲ ತಂದದ್ದೋ ಎಂದು
ಪಂಡಿತರು ಇನ್ನೂ ಬೇಲಿಯ ಎರಡೂ ಕಡೆ ನಿಂತು ವಾದಿಸುತ್ತಾರೆ.
ವಾದಿಸಲಿ. ಅವರಿಗೂ ಕಾಲು ನೋಯಲಿ.

ಕಳೆದ ಜುಲೈನಲ್ಲಿ ಗೇಶ್ಯಜ್ಜಿಯ ಜಾಗ ಮಾರಾಟಕ್ಕೆ ಬಂತು.
ಅಳೆಯಲು ಕಚೇರಿಯವರು, ಗೊತ್ತಿಲ್ಲದೆ, ನನ್ನನ್ನೇ ಕಳಿಸಿದರು.
ಗೂಟಗಳೆಲ್ಲ ಕೊಳೆತು ಮಣ್ಣಾಗಿದ್ದವು.
ಕರಂಟಿನ ಪೊದೆ ಯಾವ ದಾಖಲೆಯನ್ನೂ ಓದದೆ
ಮೂರು ಮಾರು ನಮ್ಮ ಕಡೆ ಬಂದಿತ್ತು.

ಅರ್ಜಿಯ ಏಳನೇ ಕಲಮು: ತ್ಸೌನ್, ಇದೆ ಅಥವಾ ಇಲ್ಲ.
ಪೆನ್ನು ಹಿಡಿದು ಬಹಳ ಹೊತ್ತು ನಿಂತೆ.
ಗಡಿಯಾರದಲ್ಲಿ ಮೂರೂ ಮುಕ್ಕಾಲು.
ಕಲಮನ್ನು ಖಾಲಿ ಬಿಟ್ಟು
ಕಾರಿನಿಂದ ಊಟದ ಡಬ್ಬಿ ತಂದು, ತೊಳೆದು,
ಪೊದೆಯ ಎರಡೂ ಕಡೆಯಿಂದ ಹಣ್ಣು ಬಿಡಿಸತೊಡಗಿದೆ.